ಶಬ್ದವಿಚಾರ: ‘ಎನಿವನ್’ ಎಂದರೆ ಯಾರು?

ಕಳೆದ ತಿಂಗಳು ‘ಷಲ್’, ‘ವಿಲ್’ ಎಂಬೆರಡು ಇಂಗ್ಲೀಷು ಪದಗಳ ವಿಚಾರವನ್ನು ಮುಗಿಸಿ, ಈ ತಿಂಗಳು ‘ಇನ್’, ‘ಆನ್’, ‘ಅಟ್’ ಮೊದಲಾದ ಅವ್ಯಯಗಳನ್ನು ಕುರಿತು ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನಷ್ಟೆ. ಆ ಮಾತನ್ನು ಒಂದು ತಿಂಗಳ ಮಟ್ಟಿಗೆ ಮುಂದಕ್ಕೆ ಹಾಕುತ್ತಿದ್ದೇನೆ, ವಾಚಕರು ಮನ್ನಿಸಬೇಕು. ನಡುವೆ ನನ್ನಿಂದ ಆಗಿದ್ದ ಒಂದು ತಪ್ಪು ಬೆಳಕಿಗೆ ಬಂದಿತು. ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿದವನು ತನ್ನ ತಪ್ಪನ್ನು ಮಾತ್ರ ಮುಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲವೆಂದು ತೋರಿದುದರಿಂದ, ಅದನ್ನೇ ಈ ತಿಂಗಳ ಪಾಠವಾಗಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿಯನ್ನು ನಡೆಸುವ ಯಜಮಾನರೊಬ್ಬರಿದ್ದಾರೆ. ಕನ್ನಡವನ್ನು ಚೆನ್ನಾಗಿ ಓದಿ ಬರೆಯಬಲ್ಲರು, ಇಂಗ್ಲೀಷು ಬಾರದು. ಎರಡು ವರ್ಷಗಳ ಕೆಳಗೆ ಅವರು ಊರಿನ ಜಮೀನಿನಲ್ಲಿ ತಮಗೆ ಬಂದ ಪಾಲನ್ನು ಮಾರಿ, ಅದರಿಂದ ಬಂದ ನಾಲ್ಕು ಲಕ್ಷ ರೂಪಾಯಿಗಳನ್ನು ಮಗಳ ನರ್ಸಿಂಗ್ ವಿದ್ಯಾಭ್ಯಾಸಕ್ಕೆಂದು ಬ್ಯಾಂಕಿನಲ್ಲಿಡಲು ಹೊರಟರು. ತಮ್ಮ ಹೆಸರು, ಪತ್ನಿಯ ಹೆಸರು, ಹಿರಿಯ ಮಗನ ಹೆಸರು, ಈ ಮೂರನ್ನೂ ಸೇರಿಸಿ ಒಂದು ಉಳಿತಾಯ ಖಾತೆಯನ್ನು ತೆರೆಯುವುದೆಂದು ಗೊತ್ತಾಗಿತ್ತು. ಅರ್ಜಿಯ ನಮೂನೆಯಲ್ಲಿ ಒಂದೆಡೆ ‘ಎನಿವನ್ ಆರ್ ಸರ್ವೈವರ್’ ಎಂದು ಅಚ್ಚಾಗಿದ್ದಿತು. ಮೂವರ ಖಾತೆಗೆ ಸಾಮಾನ್ಯವಾಗಿ ಅಲ್ಲಿಯೇ ಗುರುತು ಹಾಕುತ್ತಾರೆಂದು ಯಾರೋ ಹೇಳಿದರಂತೆ. ಅವರು ಕಾಗದವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದು, “ಮೇಷ್ಟ್ರೇ, ಹೀಗಂದರೇನು?” ಎಂದು ಕೇಳಿದರು. ನಾನು ಆಗ ತರಕಾರಿಯ ಚೀಲವನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆನು. ನಿಂತ ನಿಲುವಿನಲ್ಲಿಯೇ, “ಯಾರಾದರೂ ಒಬ್ಬರು, ಅಥವಾ ಉಳಿದವರು ಎಂದರ್ಥ” ಎಂದು ಹೇಳಿ ಪೇಟೆಗೆ ಹೊರಟುಹೋದೆನು. ಅವರು ಗುರುತು ಹಾಕಿ, ಮೂವರಿಂದಲೂ ರುಜು ಮಾಡಿಸಿ, ಕಾಗದವನ್ನು ಕೊಟ್ಟು ಬಂದರು.

ಈ ವರ್ಷ ಶುಲ್ಕ ಕಟ್ಟುವ ಕಾಲ ಬಂದಾಗ ಯಜಮಾನರು ಬ್ಯಾಂಕಿಗೆ ಹೋಗಿ ನೋಡುತ್ತಾರೆ, ಖಾತೆಯಲ್ಲಿ ಕೆಲವೇ ಸಾವಿರ ರೂಪಾಯಿಗಳು ಉಳಿದಿವೆ! ಹಿರಿಯ ಮಗನು ಸ್ನೇಹಿತನೊಬ್ಬನೊಡನೆ ಲಾರಿಯ ವ್ಯಾಪಾರಕ್ಕೆ ಸೇರಿ, ಎರಡು ಸಲ ಹಣ ತೆಗೆದಿದ್ದನು, ವ್ಯಾಪಾರ ಕೈಕೊಟ್ಟಿತು. ಹುಡುಗನು ಕಳ್ಳನಲ್ಲ. ಲಾಭ ಬಂದ ಕೂಡಲೆ ತುಂಬಿಬಿಡುವೆನೆಂದು ನಂಬಿದ್ದನು. ತಂದೆ ಕೇಳಿದಾಗ, “ಫಾರಮಿನಲ್ಲಿ ಯಾರಾದರೂ ತೆಗೀಬಹುದು ಅಂತಲೇ ಇದೆಯಲ್ಲಪ್ಪ” ಎಂದನಂತೆ. ಬ್ಯಾಂಕಿನವರ ಮೇಲೂ ದೋಷವಿಲ್ಲ. ಮೂವರೂ ರುಜು ಮಾಡಿಕೊಟ್ಟ ಕಾಗದದಂತೆಯೇ ಅವರು ನಡೆದುಕೊಂಡಿದ್ದರು. ಅಂದು ಸಂಜೆ ಯಜಮಾನರು ನಮ್ಮ ಜಗುಲಿಗೆ ಬಂದು ಕುಳಿತರು. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಾಗದೆ, ಮೆಲ್ಲನೆ, “ಯಾರಾದರೂ ಒಬ್ಬರು ಅಂದಿರಲ್ಲ ಮೇಷ್ಟ್ರೇ, ನಾವು ಮೂವರೂ ಕೂತು ಮಾತಾಡಿ ಒಬ್ಬರನ್ನ ಗೊತ್ತುಮಾಡಿ ಕಳಿಸಬೇಕು ಅಂತ ನಾನು ತಿಳಿದುಕೊಂಡೆ” ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯೋಚಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತ ಬಂದಿತು: ನಾನು ಹೇಳಿದ ಕನ್ನಡದ ಮಾತಿಗೆ ತಂದೆ ಮಾಡಿಕೊಂಡ ಅರ್ಥವೂ ಸರಿ, ಮಗನು ಮಾಡಿಕೊಂಡ ಅರ್ಥವೂ ಸರಿ. ಎರಡರ್ಥವುಳ್ಳ ಮಾತನ್ನು ಒಂದೇ ಅರ್ಥವಿರಬೇಕಾದ ಕಡೆಯಲ್ಲಿ ಆಡಿದವನು ನಾನು.

ಇದು ಹೇಗೆಂಬುದನ್ನು ವಿಚಾರಿಸೋಣ. ನಿಶ್ಚಿತವಾದ ವ್ಯಕ್ತಿಯನ್ನು ತೋರದೆ ‘ಒಬ್ಬ’ ಎಂಬಷ್ಟನ್ನೇ ತಿಳಿಸುವ ಸರ್ವನಾಮವನ್ನು ಅನಿಶ್ಚಯಾರ್ಥಕ ಸರ್ವನಾಮವೆನ್ನಬಹುದು. ಕನ್ನಡದಲ್ಲಿ ಇದನ್ನು ನಿರ್ಮಿಸುವ ಕ್ರಮ ಬಹು ಸೊಗಸಾದುದು. ‘ಯಾರು’ ಎಂಬ ಪ್ರಶ್ನೆಯನ್ನು ತೆಗೆದುಕೊಂಡು ಅದಕ್ಕೊಂದು ಬಾಲವನ್ನು ಸೇರಿಸುತ್ತೇವೆ. ಬಾಲ ಬದಲಾದಂತೆ ಅರ್ಥವೂ ಬದಲಾಗುತ್ತದೆ. ‘ಯಾರೋ ಬಂದಿದ್ದಾರೆ’ ಎಂದರೆ ಬಂದಿರುವುದು ಖಂಡಿತ, ಬಂದವರ ಗುರುತು ಮಾತ್ರ ತಿಳಿಯದು. ‘ಯಾರೂ ಬಂದಿಲ್ಲ’ ಎಂದರೆ ಒಬ್ಬರನ್ನೂ ಬಿಡದೆ ಎಲ್ಲರನ್ನೂ ನಿಷೇಧಿಸಿದಂತಾಯಿತು. ‘ಯಾರಾದರೂ ಬಂದರೆ ಕರೆ’ ಎಂದರೆ ಬರುವರೋ ಇಲ್ಲವೋ ತಿಳಿಯದು, ಬಂದವರು ಯಾರಾದರೇನು, ಕರೆಯಬೇಕು. ‘ಯಾರು ಬೇಕಾದರೂ ಬರಬಹುದು’ ಎಂದರೆ ಬಾಗಿಲು ಎಲ್ಲರಿಗೂ ತೆರೆದಿದೆ, ತಡೆಯುವವರಿಲ್ಲ. ‘ಓ’, ‘ಊ’, ‘ಆದರೂ’, ‘ಬೇಕಾದರೂ’ ಎಂಬ ನಾಲ್ಕು ಬಾಲಗಳಿಂದ ನಾಲ್ಕು ಬಗೆಯ ಅಪರಿಚಿತರು ನಮ್ಮ ಮುಂದೆ ನಿಲ್ಲುತ್ತಾರೆ.

ಇವುಗಳಲ್ಲಿ ಮೂರು ನಿಯತ್ತಿನವು. ಮೋಸ ಮಾಡತಕ್ಕದ್ದು ‘ಯಾರಾದರೂ’ ಎಂಬ ರೂಪವೊಂದೇ. ಅಡಿಗೆಯ ಮನೆಯಿಂದ ತಾಯಿ, “ಯಾರಾದರೂ ಹೋಗಿ ಕರಿಬೇವು ತನ್ನಿ” ಎಂದು ಕೂಗುತ್ತಾಳೆ. ಅವಳಿಗೆ ಬೇಕಾದುದು ಒಬ್ಬರು. ಮಕ್ಕಳು ತಮ್ಮತಮ್ಮಲ್ಲಿ ಗೊತ್ತುಮಾಡಿಕೊಂಡು ಒಬ್ಬರು ಹೋದರಾಯಿತು. ಆದರೆ, “ಇಷ್ಟು ಸುಲಭದ ಲೆಕ್ಕವನ್ನು ಯಾರಾದರೂ ಮಾಡಿಯಾರು” ಎಂದು ಉಪಾಧ್ಯಾಯನು ಹೇಳಿದರೆ, ತರಗತಿಯಲ್ಲಿ ಗೊತ್ತುಮಾಡಿದ ಒಬ್ಬನು ಎಂದರ್ಥವಲ್ಲ; ಯಾವನನ್ನು ಎಬ್ಬಿಸಿ ಕೇಳಿದರೂ ಮಾಡುವನು ಎಂದರ್ಥ. ಗಿರಣಿಯ ಯಜಮಾನರು ನನ್ನ ಮಾತನ್ನು ಕರಿಬೇವಿನ ‘ಯಾರಾದರೂ’ ಎಂದು ತಿಳಿದರು. ಅವರ ಮಗನು ಲೆಕ್ಕದ ‘ಯಾರಾದರೂ’ ಎಂದು ತಿಳಿದನು. ಬ್ಯಾಂಕಿನ ಕಾಗದದಲ್ಲಿದ್ದುದು ಎರಡನೆಯದು.

ಇನ್ನು ಇಂಗ್ಲೀಷಿನ ಕಡೆಗೆ ಬರೋಣ. ನಾವು ಪ್ರಶ್ನೆಯಿಂದ ಈ ಸರ್ವನಾಮವನ್ನು ಕಟ್ಟುವಂತೆ ಇಂಗ್ಲೀಷಿನವರು ಎಣಿಕೆಯಿಂದ ಕಟ್ಟುತ್ತಾರೆ. ‘ಎನಿ’ ಎಂಬ ಮಾತಿನ ಮೂಲ ‘ಒಂದು’ ಎಂಬ ಸಂಖ್ಯೆಯೇ. ಸಾವಿರ ವರ್ಷಗಳ ಹಿಂದಿನ ಇಂಗ್ಲೀಷಿನಲ್ಲಿ ಒಂದಕ್ಕೆ ‘ಆನ್’ ಎಂಬ ರೂಪವಿದ್ದಿತು. ಅದಕ್ಕೆ ವಿಶೇಷಣದ ಪ್ರತ್ಯಯವೊಂದು ಸೇರಿ ‘ಎನಿ’ ಹುಟ್ಟಿತು. ನಿಷೇಧದ ‘ನೆ’ ಎಂಬುದು ಮೊದಲಿಗೆ ಸೇರಿ ‘ನನ್’ ಆಯಿತು. ಅರ್ಥಾತ್ ‘ಒಂದೂ ಇಲ್ಲ’. ಸವೆದು ಸವೆದು ‘ಆನ್’, ‘ಎ’ ಎಂಬ ಉಪಪದಗಳಾದುದೂ ಈ ಒಂದೇ. ‘ಎಲ್ಲ’ ಎಂಬರ್ಥದ ‘ಆಲ್’ ಎಂಬುದರೊಡನೆ ಕೂಡಿ ‘ಅಲೋನ್’ ಎಂದರೆ ‘ಒಂಟಿ’ ಎಂದಾದುದೂ, ‘ಓನ್ಲಿ’ ಎಂಬ ಅವಧಾರಣಾರ್ಥಕವಾದುದೂ ಇದೇ. ಮೂಲಸಂಖ್ಯೆಯನ್ನು ಈಗ ‘ವನ್’ ಎಂದು ಉಚ್ಚರಿಸಿದರೂ, ‘ಅಲೋನ್’, ‘ಓನ್ಲಿ’ ಎಂಬಲ್ಲಿ ಹಳೆಯ ಸ್ವರದ ಜಾಡು ಇನ್ನೂ ಕಿವಿಗೆ ಕೇಳುತ್ತದೆ. ಹೀಗಿರಲು ‘ಎನಿವನ್’ ಎಂಬಲ್ಲಿ ಒಂದರ ಮೇಲೆ ಇನ್ನೊಂದು ಒಂದು ಕುಳಿತಿದೆಯೆಂದು ಹೇಳಬಹುದು. ‘ಎನಿಬಡಿ’ ಎಂಬುದೂ ಅರ್ಥದಲ್ಲಿ ಇದಕ್ಕೆ ಸಮಾನವೇ. ಅಲ್ಲಿ ‘ಬಡಿ’ ಎಂದರೆ ಬರಿಯ ದೇಹವಲ್ಲ, ಹಳೆಯ ಬಳಕೆಯಂತೆ ‘ಮನುಷ್ಯ’.

ಒಂದು ಬರಹದ ಸೂಕ್ಷ್ಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ಒಂದೇ ಪದವಾಗಿ ಕೂಡಿಸಿ ಬರೆದರೆ ಮನುಷ್ಯರಿಗೆ ಮಾತ್ರ ಸಲ್ಲುತ್ತದೆ. ಎರಡು ಪದಗಳಾಗಿ ಬಿಡಿಸಿ ಬರೆದರೆ, ‘ಇವುಗಳಲ್ಲಿ ಯಾವುದಾದರೂ ಒಂದು’ ಎಂದು ವಸ್ತುಗಳಿಗೂ ಸಲ್ಲುತ್ತದೆ, ಎಣಿಕೆಯ ಮೇಲೆ ಒತ್ತೂ ಬೀಳುತ್ತದೆ. ಹಿಂದೆ ಎರಡರ್ಥಕ್ಕೂ ಬಿಡಿಸಿಯೇ ಬರೆಯುವ ರೂಢಿ ಬಲವಾಗಿದ್ದಿತು. ಹಳೆಯ ಪುಸ್ತಕಗಳನ್ನು ಓದುವವರು ಇದನ್ನು ತಪ್ಪೆಂದು ತಿಳಿಯಬಾರದು.

‘ಎನಿವನ್’ ಎಂಬುದು ವಾಕ್ಯದಲ್ಲಿ ನಿಲ್ಲುವ ಸ್ಥಾನಗಳು ಮುಖ್ಯವಾಗಿ ಮೂರು. ಮೊದಲನೆಯದು ಪ್ರಶ್ನೆ. ‘ಈಸ್ ಎನಿವನ್ ಅಟ್ ಹೋಮ್?’ ಎಂದರೆ, ಮನೆಯಲ್ಲಿ ಯಾರಾದರೂ ಇದ್ದಾರೆಯೆ? ಕೇಳುವವನಿಗೆ ಉತ್ತರ ತಿಳಿಯದು, ಒಬ್ಬರಿದ್ದರೂ ಸಾಕು. ಉತ್ತರವು ‘ಹೌದು’ ಎಂದೇ ಬರಬೇಕೆಂಬ ಆಸೆಯಿದ್ದರೆ ಇಂಗ್ಲೀಷಿನವನು ‘ಎನಿ’ಯನ್ನು ಬಿಟ್ಟು ‘ಸಮ್’ ಎಂಬುದನ್ನು ಹಿಡಿಯುತ್ತಾನೆ. ಅತಿಥಿಯನ್ನು ‘ಸಮ್ ಕಾಫಿ’ ಎಂದು ಕೇಳಿದರೆ ಕೊಡುವ ಮನಸ್ಸು ಕಾಣುತ್ತದೆ. ‘ಎನಿ ಕಾಫಿ’ ಎಂದು ಕೇಳಿದರೆ ಸಂಶಯ ಕಾಣುತ್ತದೆ. ನಮ್ಮ ಮನೆಗಳ ಗೃಹಿಣಿಯರಿಗೆ ಈ ಭೇದವನ್ನು ಕಲಿಸಬೇಕಾದುದಿಲ್ಲ. “ಕಾಫಿ ತರುತ್ತೇನೆ, ಕೂತಿರಿ” ಎಂಬುದಕ್ಕೂ “ಕಾಫಿ ಏನಾದರೂ ಕುಡಿಯುತ್ತೀರಾ?” ಎಂಬುದಕ್ಕೂ ಇರುವ ಅಂತರ ಬಂದವರಿಗೆ ಕೂಡಲೆ ತಿಳಿಯುತ್ತದೆ.

ಎರಡನೆಯ ಸ್ಥಾನ ನಿಷೇಧ. ‘ಐ ಡಿಡ್ ನಾಟ್ ಸೀ ಎನಿವನ್’ ಎಂದರೆ, ನಾನು ಯಾರನ್ನೂ ನೋಡಲಿಲ್ಲ. ಇಲ್ಲಿ ನಮ್ಮ ಮಕ್ಕಳು ಮಾಡುವ ಒಂದು ತಪ್ಪು ಪ್ರಸಿದ್ಧವಾದುದು. ‘ಯಾರೂ ಬರಲಿಲ್ಲ’ ಎಂಬುದನ್ನು ಪದಕ್ಕೆ ಪದವಿಟ್ಟು ‘ಎನಿವನ್ ಡಿಡ್ ನಾಟ್ ಕಮ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ಯಾರೂ’ ಮೊದಲು ಬಂದು, ನಿಷೇಧ ಕ್ರಿಯಾಪದದೊಡನೆ ಕೊನೆಗೆ ಬರುವುದು ಸಹಜ. ಇಂಗ್ಲೀಷಿನಲ್ಲಿ ನಿಷೇಧವು ಮುಂದೆ ನಡೆದು ದಾರಿ ಬಿಡಿಸಿದ ಮೇಲೆಯೇ ‘ಎನಿ’ ಹಿಂಬಾಲಿಸಬೇಕು. ಆದಕಾರಣ ಕರ್ತೃಸ್ಥಾನದಲ್ಲಿ ‘ನೋಬಡಿ’ ಅಥವಾ ‘ನೋ ವನ್’ ಎಂಬುದನ್ನೇ ಇಡಬೇಕು: ‘ನೋಬಡಿ ಕೇಮ್’. ಈ ತಪ್ಪನ್ನು ಮಾಡಿದ ಹುಡುಗನನ್ನು ದಡ್ಡನೆಂದು ನಾನು ಎಂದೂ ಬಯ್ಯಲಿಲ್ಲ. ಅವನು ತನ್ನ ತಾಯಿನುಡಿಯ ವ್ಯಾಕರಣವನ್ನು ಪಾಲಿಸಿದ್ದಾನೆ, ಅಷ್ಟೆ.

ಮೂರನೆಯ ಸ್ಥಾನವೇ ಪ್ರಕೃತ ಮುಖ್ಯವಾದುದು, ಅದು ವಿಧಿವಾಕ್ಯ. ‘ಎನಿವನ್ ಕ್ಯಾನ್ ಲಿಫ್ಟ್ ದಿಸ್ ಸ್ಟೋನ್’ ಎಂದರೆ, ಈ ಕಲ್ಲನ್ನು ಯಾರು ಬೇಕಾದರೂ ಎತ್ತಬಹುದು. ಇದನ್ನು ‘ಎಲ್ಲರೂ ಎತ್ತಬಹುದು’ ಎಂಬುದರೊಡನೆ ಹೋಲಿಸಿರಿ. ‘ಎಲ್ಲರೂ’ ಎಂದಾಗ ಹತ್ತು ಜನ ಒಟ್ಟುಗೂಡಿ ಎತ್ತುವ ಚಿತ್ರವೂ ಮನಸ್ಸಿಗೆ ಬರಬಹುದು. ‘ಯಾರು ಬೇಕಾದರೂ’ ಎಂದಾಗ ಒಬ್ಬೊಬ್ಬನೂ ಒಂಟಿಯಾಗಿ ಬಂದು, ಇನ್ನೊಬ್ಬರ ಸಹಾಯವನ್ನಾಗಲಿ ಒಪ್ಪಿಗೆಯನ್ನಾಗಲಿ ಕೇಳದೆ ಎತ್ತುತ್ತಾನೆ. ಇಲ್ಲಿ ಇನ್ನೊಂದು ವಿಶೇಷವುಂಟು. ‘ಎನಿವನ್ ಕೇಮ್’, ಎಂದರೆ ‘ಯಾರು ಬೇಕಾದರೂ ಬಂದರು’ ಎಂದು ಹೇಳುವಂತಿಲ್ಲ. ಕನ್ನಡದಲ್ಲಿಯೂ ಆ ಮಾತು ಕಿವಿಗೆ ಒಗ್ಗದು. ‘ಯಾರೋ ಬಂದರು’ ಎನ್ನಬೇಕು. ಏಕೆಂದರೆ, ನಡೆದುಹೋದ ಕೆಲಸದಲ್ಲಿ ಆಯ್ಕೆಗೆ ಎಡೆಯಿಲ್ಲ, ಬಂದವರು ಬಂದಾಯಿತು. ಇನ್ನೂ ನಡೆಯಬೇಕಾದ, ನಡೆಯಬಹುದಾದ ಕೆಲಸದಲ್ಲಿಯೇ ಆಯ್ಕೆಯುಂಟು. ಆದುದರಿಂದಲೇ ‘ಬಹುದು’, ‘ಬಲ್ಲ’ ಮೊದಲಾದ ಕ್ರಿಯೆಗಳೊಡನೆ ಈ ‘ಎನಿ’ಗೆ ಗಾಢವಾದ ಸ್ನೇಹ.

ಹಾಗಾದರೆ ಆಯ್ಕೆ ಯಾರದು? ಈ ಪದದ ಮರ್ಮವಿರುವುದು ಈ ಪ್ರಶ್ನೆಯಲ್ಲಿ. ಪ್ರಶ್ನಪತ್ರಿಕೆಯಲ್ಲಿ ಎಂಟು ಪ್ರಶ್ನೆಗಳನ್ನಿಟ್ಟು ‘ಎನಿ ಫೈವ್’ ಎಂದು ಅಚ್ಚುಹಾಕಿಸಿದ ಪರೀಕ್ಷಕನು, “ನೀನೇಕೆ ಸುಲಭವಾದ ಐದನ್ನೇ ಆರಿಸಿದೆ?” ಎಂದು ಆಮೇಲೆ ವಿದ್ಯಾರ್ಥಿಯನ್ನು ಕೇಳುವಂತಿಲ್ಲ. ಆರಿಸುವ ಹಕ್ಕನ್ನು ಅವನೇ ಬರೆದುಕೊಟ್ಟಿದ್ದಾನೆ. ‘ಎನಿ’ ಎಂದು ನುಡಿದವನು ಆಯ್ಕೆಯನ್ನು ತನ್ನ ಕೈಯಿಂದ ಬಿಟ್ಟವನು. ‘ಸಮ್‌ವನ್’ ಎಂದವನ ಮನಸ್ಸಿನಲ್ಲಿ ಒಬ್ಬನಿರಬಹುದು. ‘ಎನಿವನ್’ ಎಂದವನ ಮನಸ್ಸಿನಲ್ಲಿ ಯಾರೂ ಇರಕೂಡದು. ಮೂವತ್ತನಾಲ್ಕು ವರ್ಷಗಳ ಕಾಲ ‘ಎನಿ ಎಂದರೆ ಯಾವುದಾದರೂ’ ಎಂದು ಕಪ್ಪುಹಲಗೆಯ ಮೇಲೆ ಬರೆದೆನಲ್ಲದೆ, ಈ ಒಂದು ಸಂಗತಿಯನ್ನು ಒಡೆದು ಹೇಳಲಿಲ್ಲವಲ್ಲ ಎಂಬ ಕೊರಗು ಈಗ ನನಗಿದೆ.

ಸಂಸ್ಕೃತವನ್ನು ಓದಿದವನಿಗೆ ಇಲ್ಲಿ ಒಂದು ನೆನಪು ಬಾರದಿರದು. ಸಂಸ್ಕೃತವೂ ಕನ್ನಡದಂತೆ ಪ್ರಶ್ನೆಯಿಂದಲೇ ಈ ಪದಗಳನ್ನು ಕಟ್ಟುತ್ತದೆ. ‘ಕಿಮ್’ ಶಬ್ದಕ್ಕೆ ‘ಚಿತ್’, ‘ಚನ’, ‘ಅಪಿ’ ಎಂಬವು ಸೇರಿ ‘ಕಶ್ಚಿತ್’, ‘ಕಶ್ಚನ’, ‘ಕೋಽಪಿ’ ಎಂದಾಗುತ್ತವೆ. ಅಮರಕೋಶವು ಚಿತ್, ಚನಗಳಿಗೆ ‘ಅಸಾಕಲ್ಯ’ ಎಂಬ ಅರ್ಥವನ್ನು ಹೇಳುತ್ತದೆ. ಪೂರ್ತಿಯಲ್ಲದುದು, ಒಂದು ಭಾಗ ಎಂದು ತಾತ್ಪರ್ಯ. ಇವುಗಳಲ್ಲಿ ‘ಚನ’ ಎಂಬುದರ ಚರಿತ್ರೆ ಸ್ವಾರಸ್ಯವಾದುದು. ವೇದದ ಭಾಷೆಯಲ್ಲಿ ಅದು ನಿಷೇಧದ ನೆರಳಿನಲ್ಲಿಯೇ ಬಾಳಿ ‘ಒಂದೂ ಇಲ್ಲ, ಅದೂ ಇಲ್ಲ’ ಎಂಬ ಅರ್ಥವನ್ನು ಕೊಡುತ್ತಿತ್ತು. ಕಾಲಕ್ರಮದಲ್ಲಿ ನಿಷೇಧವನ್ನು ಕಳಚಿಕೊಂಡು ಬರಿಯ ‘ಯಾವುದೋ ಒಂದು’ ಎಂಬುದಕ್ಕೆ ನಿಂತಿತು. ನಿಷೇಧದಲ್ಲಿ ಒಂದರ್ಥ, ವಿಧಿಯಲ್ಲಿ ಇನ್ನೊಂದರ್ಥ ಎಂಬ ಇಂಗ್ಲೀಷು ‘ಎನಿ’ಯ ಸ್ವಭಾವಕ್ಕೂ ಇದಕ್ಕೂ ಏನೋ ಒಂದು ಸೋದರಭಾವ ಕಾಣುತ್ತದೆ. ‘ಕಿಂಚಿತ್ತೂ ಇಲ್ಲ’, ‘ಕ್ವಚಿತ್ತಾಗಿ’, ‘ಕದಾಚಿತ್’ ಎಂದು ನಾವು ದಿನವೂ ಆಡುವ ಮಾತುಗಳು ಈ ಮನೆತನದವೇ. ಏನೂ ಇಲ್ಲದ ಬಡವನನ್ನು ‘ಅಕಿಂಚನ’ ಎನ್ನುತ್ತೇವಲ್ಲ, ಅದೂ ಇಲ್ಲಿಯದೇ. ಒಂದು ಗುರುತಿನಿಂದ ನನ್ನ ನೆರೆಯವರು ಅಕಿಂಚನರಾದರೆಂಬುದನ್ನು ನೆನೆದಾಗ, ಈ ಪದದ ವ್ಯುತ್ಪತ್ತಿ ನನಗೆ ಹಿಂದಿನಂತೆ ಬರಿಯ ಪಾಂಡಿತ್ಯದ ಮಾತಾಗಿ ಉಳಿಯಲಿಲ್ಲ.

ಇನ್ನೊಂದು ಜಟಿಲತೆಯನ್ನೂ ಇಲ್ಲಿ ನೋಡಬೇಕು. ಸಂಸ್ಕೃತದಲ್ಲಿ ಗುರುತು ತಿಳಿಯದವರಿಗೂ ಲಿಂಗವನ್ನು ಗೊತ್ತುಮಾಡದೆ ಬಿಡುವಂತಿಲ್ಲ. ‘ಕಶ್ಚಿತ್’ ಎಂದರೆ ಗಂಡಸು, ‘ಕಾಚಿತ್’ ಎಂದರೆ ಹೆಂಗಸು. ಇಂಗ್ಲೀಷಿನ ‘ಎನಿವನ್’ ಎಂಬುದಕ್ಕೆ ಲಿಂಗವಿಲ್ಲ. ಆದರೆ ಅದರ ಹಿಂದೆಯೇ ‘ತನ್ನ’ ಎಂಬರ್ಥದ ಪದ ಬರಬೇಕಾದಾಗ ತೊಡಕು. ಏಕವಚನವಾದುದರಿಂದ ‘ಹಿಸ್’ ಎಂದು ಪುಲ್ಲಿಂಗವನ್ನೇ ಹಾಕತಕ್ಕದ್ದೆಂದು ವೈಯಾಕರಣರು ಬಹುಕಾಲ ವಿಧಿಸಿದರು. ಜನರಾದರೋ ‘ದೆಯರ್’ ಎಂದು ಬಹುವಚನವನ್ನೇ ಆಡುತ್ತ ಬಂದರು. ಈ ಬಳಕೆಗೆ ಆರುನೂರು ವರ್ಷಗಳಿಗೂ ಮೇಲ್ಪಟ್ಟ ಚರಿತ್ರೆಯಿದೆ. ಈಗ ಅದನ್ನು ತಪ್ಪೆನ್ನುವವರು ಕಡಿಮೆಯಾಗಿದ್ದಾರೆ. ಕಾನೂನು ಬರೆಯುವವರು ಮಾತ್ರ ಬೇರೆ ದಾರಿಯನ್ನು ಹಿಡಿದರು. ಪುಲ್ಲಿಂಗದ ಮಾತು ಸ್ತ್ರೀಯರಿಗೂ ಅನ್ವಯಿಸುವುದೆಂದು ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಒಂದು ಶಾಸನವನ್ನೇ ಮಾಡಿತು. ನಮ್ಮ ದೇಶದ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದಲ್ಲಿಯೂ ಇದೇ ನಿಯಮವಿದೆ. ಒಂದು ಭಾಷೆಯ ಕೊರತೆಯನ್ನು ಶಾಸನದಿಂದ ತುಂಬಬೇಕಾಗಿ ಬಂದುದನ್ನು ನೋಡಿರಿ!

ಕನ್ನಡಕ್ಕೆ ಈ ಕಷ್ಟವಿಲ್ಲ. ‘ಯಾವನು’, ‘ಯಾವಳು’ ಎಂಬ ಏಕವಚನಗಳಿದ್ದರೂ, ಗುರುತು ತಿಳಿಯದವರನ್ನು ಕುರಿತು ನಾವು ಸಹಜವಾಗಿ ಆಡುವುದು ‘ಯಾರು’ ಎಂಬ ಬಹುವಚನವನ್ನೇ. ಬಾಗಿಲು ತಟ್ಟಿದವರು ಒಬ್ಬರೇ ಇರಬಹುದು, ಗಂಡಸಾಗಿರಬಹುದು, ಹೆಂಗಸಾಗಿರಬಹುದು. ‘ಯಾರೋ ಬಂದಿದ್ದಾರೆ, ಅವರನ್ನು ಒಳಗೆ ಕರೆ’ ಎನ್ನುತ್ತೇವೆ. ಅಪರಿಚಿತರಿಗೆ ನಮ್ಮ ವ್ಯಾಕರಣವೇ ಎದ್ದು ನಿಂತು ಮರ್ಯಾದೆ ಮಾಡುತ್ತದೆ. ಪರಿಚಯವಾದ ಮೇಲೆ ‘ಅವನು’ ಎನ್ನುವುದೋ ‘ಅವರು’ ಎನ್ನುವುದೋ ನಮ್ಮ ನಮ್ಮ ಸ್ವಭಾವ.

ಇಲ್ಲಿಯವರೆಗೆ ಈ ಪದದಿಂದ ಆದ ಹಾನಿಯನ್ನು ಹೇಳಿದೆನು. ಇದೇ ಪದದಿಂದ ಆದ ಮಹೋಪಕಾರವನ್ನು ಹೇಳದಿದ್ದರೆ ಅನ್ಯಾಯವಾದೀತು. 1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 14ನೆಯ ಅನುಚ್ಛೇದವನ್ನು ನೋಡಿರಿ. ಕಾನೂನಿನ ಮುಂದೆ ಸಮಾನತೆಯನ್ನು ರಾಜ್ಯವು ‘ಎನಿ ಪರ್ಸನ್’ಗೆ, ಎಂದರೆ ಯಾವ ವ್ಯಕ್ತಿಗೂ, ನಿರಾಕರಿಸತಕ್ಕದ್ದಲ್ಲವೆಂದು ಅಲ್ಲಿ ಹೇಳಿದೆ. 19ನೆಯ ಅನುಚ್ಛೇದದ ಸ್ವಾತಂತ್ರ್ಯಗಳು ‘ನಾಗರಿಕ’ರಿಗೆ ಸೀಮಿತವಾಗಿವೆ, 14ರಲ್ಲಿ ಹಾಗಿಲ್ಲ. ಆದುದರಿಂದ ನಮ್ಮ ನೆಲದಲ್ಲಿರುವ ಪರದೇಶೀಯನಿಗೂ ಆ ರಕ್ಷಣೆಯುಂಟು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿ, ಅದರ ಆಚರಣೆಯನ್ನು ‘ಎನಿ ಫಾರ್ಮ್’ನಲ್ಲಿ, ಯಾವ ರೂಪದಲ್ಲಿಯೂ, ನಿಷೇಧಿಸಿದೆ. ‘ಈ ರೂಪದಲ್ಲಿ, ಆ ರೂಪದಲ್ಲಿ’ ಎಂದು ಪಟ್ಟಿ ಮಾಡಿದ್ದರೆ, ಪಟ್ಟಿಯಲ್ಲಿಲ್ಲದ ರೂಪವೊಂದನ್ನು ನಾಳೆಯೇ ಯಾರೋ ಹುಡುಕಿಬಿಡುತ್ತಿದ್ದರು. ನಾನು ಮೇಲೆ ಹೇಳಿದ ಸೂತ್ರವೇ ಇಲ್ಲಿಯೂ ಸಲ್ಲುತ್ತದೆ. ‘ಎನಿ’ ಎಂದವನು ಆಯ್ಕೆಯನ್ನು ಬಿಟ್ಟುಕೊಟ್ಟವನು. ಇವನಿಗೆ ನ್ಯಾಯ, ಅವನಿಗಿಲ್ಲ ಎಂದು ಆರಿಸುವ ಅಧಿಕಾರವನ್ನು ರಾಜ್ಯವು ಈ ಪುಟ್ಟ ಪದದಿಂದ ಬಿಟ್ಟುಕೊಟ್ಟಿದೆ. ಬಿಟ್ಟುಕೊಡಬೇಕಾದ ಕಡೆಯಲ್ಲಿ ಬಿಟ್ಟುಕೊಟ್ಟರೆ ಅದು ಧರ್ಮ. ಇಟ್ಟುಕೊಳ್ಳಬೇಕಾದ ಕಡೆಯಲ್ಲಿ ತಿಳಿಯದೆ ಬಿಟ್ಟರೆ ನಷ್ಟ.

ಈಗ ಗೃಹಸ್ಥರ ಉಪಯೋಗಕ್ಕಾಗಿ ಬ್ಯಾಂಕಿನ ಆ ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ‘ಜಾಯಿಂಟ್ಲಿ’ ಎಂದರೆ ಹೆಸರಿರುವ ಎಲ್ಲರೂ ಕೂಡಿ ರುಜು ಹಾಕಬೇಕು. ‘ಈದರ್ ಆರ್ ಸರ್ವೈವರ್’ ಎಂಬುದು ಇಬ್ಬರ ಖಾತೆಗೆ. ಇಬ್ಬರಲ್ಲಿ ಯಾರು ಬೇಕಾದರೂ ಇನ್ನೊಬ್ಬರನ್ನು ಕೇಳದೆ ವ್ಯವಹರಿಸಬಹುದು, ಒಬ್ಬರು ಕಾಲವಾದರೆ ಬದುಕಿರುವವರಿಗೆ ಹಣ ಸಲ್ಲುತ್ತದೆ. ‘ಎನಿವನ್ ಆರ್ ಸರ್ವೈವರ್’ ಎಂಬುದು ಇಬ್ಬರಿಗಿಂತ ಹೆಚ್ಚು ಜನರ ಖಾತೆಗೆ, ಅರ್ಥ ಅದೇ. ‘ಫಾರ್ಮರ್ ಆರ್ ಸರ್ವೈವರ್’ ಎಂದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರೇ ವ್ಯವಹರಿಸತಕ್ಕದ್ದು, ಅವರ ತರುವಾಯ ಎರಡನೆಯವರು. ‘ಸರ್ವೈವರ್’ ಎಂಬುದಕ್ಕೆ ‘ಉಳಿದವರು’ ಎಂದು ನಾನು ಹೇಳಿದುದು ಎರಡನೆಯ ತಪ್ಪು. ಕನ್ನಡದಲ್ಲಿ ‘ಉಳಿದವರು’ ಎಂದರೆ ‘ಮಿಕ್ಕವರು’ ಎಂದೂ ಆಗುತ್ತದೆ. ‘ಬದುಕಿ ಉಳಿದವರು’ ಎಂದೇ ಹೇಳಬೇಕಾಗಿತ್ತು.

ಅವಧಿ ಠೇವಣಿಯ ವಿಷಯದಲ್ಲಿ ಸ್ವಲ್ಪ ಭದ್ರತೆ ಹೆಚ್ಚು. ‘ಈದರ್ ಆರ್ ಸರ್ವೈವರ್’ ಎಂದು ಇಟ್ಟ ಠೇವಣಿಯನ್ನು ಅವಧಿ ತುಂಬಿದ ಮೇಲೆ ಒಬ್ಬರ ರುಜುವಿನಿಂದಲೇ ಪಡೆಯಬಹುದು. ಅವಧಿಗೆ ಮುಂಚೆ ಮುರಿಯಬೇಕಾದರೆ ಇಬ್ಬರ ರುಜುವೂ ಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕು 2012ರಲ್ಲಿ ಸ್ಪಷ್ಟಪಡಿಸಿತು. ಉಳಿತಾಯ ಖಾತೆಗೆ ಈ ಕಾವಲಿಲ್ಲ. ಹಾಗೆಂದು ‘ಎನಿವನ್’ ಎಂಬುದಕ್ಕೆ ಹೆದರಿ ಎಲ್ಲವನ್ನೂ ‘ಜಾಯಿಂಟ್ಲಿ’ ಮಾಡಿಬಿಡುವುದೂ ವಿವೇಕವಲ್ಲ. ಮನೆಯ ಯಜಮಾನನು ಹಾಸಿಗೆ ಹಿಡಿದಾಗ, ಇನ್ನೊಬ್ಬರು ಒಂಟಿಯಾಗಿ ಹೋಗಿ ಹಣ ತರುವಂತಿರುವುದೇ ಎಷ್ಟೋ ಸಂಸಾರಗಳನ್ನು ಕಾಪಾಡಿದೆ. ದಿನದ ಖರ್ಚಿನ ಹಣಕ್ಕೆ ‘ಎನಿವನ್’ ಒಳ್ಳೆಯದು. ಒಂದು ಉದ್ದೇಶಕ್ಕೆಂದು ಮೀಸಲಿಟ್ಟ ಹಣಕ್ಕೆ, ಮೂವರೂ ಕುಳಿತು ಮಾತನಾಡಿದ ಹೊರತು ಕದಲದ ಏರ್ಪಾಡು ಒಳ್ಳೆಯದು. ಯಾವುದಕ್ಕೆ ಯಾವುದೆಂದು ರುಜು ಹಾಕುವ ಮೊದಲೇ ಆರಿಸಿಕೊಳ್ಳಿರಿ. ರುಜು ಹಾಕಿದ ಮೇಲೆ ಆಯ್ಕೆ ನಿಮ್ಮದಲ್ಲ.

ಗಿರಣಿಯ ಯಜಮಾನರ ಮಗಳು ಓದನ್ನು ಬಿಡಲಿಲ್ಲವೆಂದು ತಿಳಿಸಲು ಸಂತೋಷವಾಗುತ್ತದೆ. ಕಾಲೇಜಿನವರು ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಒಪ್ಪಿದರು. ಮೊದಲ ಕಂತನ್ನು ಹೊಂದಿಸುವುದರಲ್ಲಿ ನನ್ನ ಪಾಲೂ ಸ್ವಲ್ಪವಿದೆ, ಅದು ಉಪಕಾರವಲ್ಲ, ದಂಡ. ಹಿರಿಯ ಮಗನು ಈಗ ಬೇರೆಯವರ ಲಾರಿಯನ್ನು ನಡೆಸುತ್ತ, ತಿಂಗಳು ತಿಂಗಳಿಗೆ ತಂದೆಯ ಕೈಗೆ ಹಣ ತಂದುಕೊಡುತ್ತಿದ್ದಾನೆ. ಮೊನ್ನೆ ಯಜಮಾನರು ಇನ್ನೊಂದು ಕಾಗದವನ್ನು ಹಿಡಿದುಕೊಂಡು ಬಂದರು. ನಾನು ಕನ್ನಡಕವನ್ನು ತರಿಸಿ, ಅವರನ್ನು ಒಳಗೆ ಕೂರಿಸಿ, ಒಂದೊಂದು ಮಾತನ್ನೂ ಎರಡೆರಡು ಸಲ ಬಿಡಿಸಿ ಹೇಳಿದೆನು. ಎಲ್ಲ ಮುಗಿದ ಮೇಲೆ ಅವರು ನಕ್ಕು, “ಈ ಸಲ ಚೀಲ ಕೆಳಗಿಟ್ಟು ಹೇಳಿದಿರಿ ಮೇಷ್ಟ್ರೇ” ಎಂದರು.

ಮುಂದಿನ ತಿಂಗಳು, ವಾಗ್ದಾನದಂತೆ, ‘ಇನ್’, ‘ಆನ್’, ‘ಅಟ್’ ಎಂಬವನ್ನು ಕುರಿತು ಬರೆಯುತ್ತೇನೆ. ಅಷ್ಟರೊಳಗೆ, ಅರ್ಥವಾಗದ ಮಾತೇನಾದರೂ ಅಚ್ಚಾದ ನ್ಯಾಯಪತ್ರ, ರಸೀತಿ, ವಿಮೆಯ ಕಾಗದ ಮೊದಲಾದುವು ವಾಚಕರ ಮನೆಯಲ್ಲಿದ್ದರೆ ಆ ಮಾತನ್ನಷ್ಟೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬಹುದು. ಯಾರು ಕಳುಹಿಸಬಹುದೆಂದರೆ, ಯಾರು ಬೇಕಾದರೂ.